10,000 ಟಿಲಾಪಿಯಾ ಮರಿಗೆ ಯಾವ ತೊಟ್ಟಿ?

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಹೊಲವಿದೆ. ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತೇವೆ. 21 ಮೀಟರ್ ಉದ್ದಗಲ, 3 ಮೀಟರ್ ಆಳದ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿದೆ. ಬೋರ್‌ವೆಲ್ ತಾಸಿಗೆ ಸುಮಾರು 4,000 ಲೀಟರ್ ನೀರು ಕೊಡುತ್ತದೆ, ಪಿಎಚ್ 8 ಬಂದಿದೆ. ಮನೆ ಹೊಲದಿಂದ 300 ಮೀಟರ್ ದೂರ. ಅರ್ಧ ಗ್ರಾಂ ತೂಕದ 10,000 ಟಿಲಾಪಿಯಾ ಮರಿಗಳನ್ನು ತಂದು, 20 ಗ್ರಾಂ ಆಗುವವರೆಗೆ ತೊಟ್ಟಿಯಲ್ಲಿ ಸಾಕಿ, ಒಂದಷ್ಟನ್ನು ಹೊಂಡಕ್ಕೆ ಬಿಟ್ಟು ಉಳಿದವನ್ನು ಮಾರಬೇಕೆಂದಿದ್ದೇನೆ. ಗೆಳೆಯರು ಬಯೋಫ್ಲಾಕ್ ಮಾಡು, ತೊಟ್ಟಿಯಲ್ಲೇ ಬ್ಯಾಕ್ಟೀರಿಯಾ ಬೆಳೆಸಿ ನೀರು ಶುದ್ಧವಾಗಿಡು ಎನ್ನುತ್ತಾರೆ. ಸಲಕರಣೆ ಮಾರುವವರು ಅದೇ ನೀರನ್ನು ಸೋಸಿ ಮತ್ತೆ ಬಳಸುವ ಆರ್‌ಎಎಸ್ ಹಾಕಿಸಿ ಎನ್ನುತ್ತಾರೆ. ತಂದೆಯವರು ತೊಟ್ಟಿ ಕಟ್ಟಿ ದಿನಾ ನೀರು ಬದಲಿಸಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲ ಹತ್ತು ಹನ್ನೆರಡು ದಿನ ತಂದೆಯವರ ಮಾತು ಕೇಳಿ. ಆಮೇಲಿನ ಒಂದು ತಿಂಗಳು ಗೆಳೆಯರ ಮಾತು ಕೇಳಿ. ಆರ್‌ಎಎಸ್ ಮಾರುವವರಿಗೆ ಚಹಾ ಕೊಟ್ಟು ಕಳುಹಿಸಿ. ಇದು ತಮಾಷೆಯಲ್ಲ, ಮರಿಗಳು ತಿನ್ನುವ ಆಹಾರದ ಲೆಕ್ಕವೇ ಹೀಗೆ ಹೇಳುತ್ತದೆ. ಆ ಲೆಕ್ಕವನ್ನು ಒಮ್ಮೆ ಕೂತು ಮಾಡಿಬಿಡೋಣ.

4 ಮೀಟರ್ ವ್ಯಾಸದ ಮೂರು ತಾಡಪತ್ರಿ ತೊಟ್ಟಿ ಇಟ್ಟುಕೊಳ್ಳೋಣ. 1.2 ಮೀಟರ್ ನೀರು ನಿಲ್ಲಿಸಿದರೆ ಒಂದೊಂದರಲ್ಲಿ 15,000 ಲೀಟರ್, ಒಟ್ಟು 45,000 ಲೀಟರ್. ಮರಿ ಬಂದ ದಿನ 10,000 ಮರಿಗಳ ತೂಕ ಬರೀ 5 ಕಿಲೋ. ಆ ವಯಸ್ಸಿನಲ್ಲಿ ಅವು ತಮ್ಮ ತೂಕದ ನೂರಕ್ಕೆ ಹನ್ನೆರಡರಷ್ಟು ತಿನ್ನುತ್ತವೆ, ಅಂದರೆ ದಿನಕ್ಕೆ 600 ಗ್ರಾಂ ಆಹಾರ. ಒಂದು ಕಿಲೋ ಆಹಾರ ಮೀನಿನ ಹೊಟ್ಟೆ ಸೇರಿ ಹೊರಬಂದರೆ ಸುಮಾರು 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತದೆ. 600 ಗ್ರಾಮಿಗೆ 18 ಗ್ರಾಂ ಆಯಿತು. ಅದನ್ನು 45,000 ಲೀಟರಿಗೆ ಹಂಚಿದರೆ ಲೀಟರಿಗೆ 0.4 ಮಿಲಿಗ್ರಾಂ. ದಿನಾ ನೀರು ಬದಲಿಸುವವನು ನಿಶ್ಚಿಂತೆಯಿಂದ ನಿಭಾಯಿಸಬಹುದಾದ ಅಂಕಿ ಇದು.

ಈಗ ಎಂಟು ವಾರ ಮುಂದೆ ಹೋಗಿ. ನೂರಕ್ಕೆ 85 ಮರಿ ಉಳಿದು 20 ಗ್ರಾಂ ತೂಗಿದರೆ ತೊಟ್ಟಿಗಳಲ್ಲಿ 170 ಕಿಲೋ ಮೀನು ಇರುತ್ತದೆ. ತೂಕದ ನೂರಕ್ಕೆ ಐದರಂತೆ ತಿಂದರೂ ದಿನಕ್ಕೆ 8.5 ಕಿಲೋ ಆಹಾರ, ಅದರಿಂದ 255 ಗ್ರಾಂ ಅಮೋನಿಯಾ. ಲೀಟರಿಗೆ ದಿನಕ್ಕೆ 5.7 ಮಿಲಿಗ್ರಾಂ! ಬರೀ ನೀರು ಬದಲಿಸಿ ಇದನ್ನು 2 ಮಿಲಿಗ್ರಾಮಿಗೆ ಇಳಿಸಬೇಕೆಂದರೆ ದಿನಕ್ಕೆ ಒಂದೂಕಾಲು ಲಕ್ಷ ಲೀಟರಿಗಿಂತ ಹೆಚ್ಚು ಹೊಸ ನೀರು ಬೇಕು. ನಿಮ್ಮ ಬೋರ್‌ವೆಲ್ ಹಗಲು ರಾತ್ರಿ ಓಡಿದರೂ 96,000 ಲೀಟರ್ ದಾಟುವುದಿಲ್ಲ. ತಂದೆಯವರ ತೊಟ್ಟಿ ಸೋಲುವುದು ಇಲ್ಲಿ.

ಪಿಎಚ್ 8 ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ, ಕಿವಿರನ್ನು ಸುಡುವುದು ಅದರಲ್ಲಿ ಒಂದು ರೂಪ ಮಾತ್ರ. ನೀರು 28 ಡಿಗ್ರಿ ಇದ್ದಾಗ ಪಿಎಚ್ 7ರಲ್ಲಿ ಆ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8ರಲ್ಲಿ ಆರೇಳು ಪಾಲು ಆಗುತ್ತದೆ, 9ಕ್ಕೆ ಏರಿದರೆ ಸುಮಾರು ನಲವತ್ತು. ಹಾಗಾಗಿ ಬೇರೆ ಊರಿನ ತೊಟ್ಟಿಯಲ್ಲಿ ಏನೂ ಮಾಡದ 2 ಮಿಲಿಗ್ರಾಂ ಅಮೋನಿಯಾ ನಿಮ್ಮ ನೀರಿನಲ್ಲಿ ಮರಿಯ ಹಸಿವು ಕೆಡಿಸುತ್ತದೆ. ಗದಗ ಜಿಲ್ಲೆಯ ಗಡಸು ಬೋರ್‌ವೆಲ್ ನೀರಿನವರೂ ಇದನ್ನು ನೆನಪಿನಲ್ಲಿಡಬೇಕು. ನೀರು ಹಸಿರಾಗಿದ್ದರೆ ಬಿಸಿಲಿನಲ್ಲಿ ಪಾಚಿಯಿಂದಾಗಿ ಪಿಎಚ್ ಇನ್ನೂ ಏರುತ್ತದೆ. ಬೆಳಿಗ್ಗೆ ಏಳಕ್ಕೆ ಪರೀಕ್ಷೆ ಮಾಡಿ ಸಮಾಧಾನಪಟ್ಟುಕೊಂಡವರ ಮರಿಗಳು ಮಧ್ಯಾಹ್ನ ಮೂರಕ್ಕೆ ಸತ್ತದ್ದನ್ನು ನೋಡಿದ್ದೇನೆ. ಎರಡೂ ಹೊತ್ತು ಅಳೆಯಿರಿ.

ಹಾಗಾದರೆ ನೀರು ಬದಲಿಸುವ ತೊಟ್ಟಿ ಕೆಟ್ಟದ್ದೇ? ಖಂಡಿತ ಅಲ್ಲ. ಮರಿ ಸಣ್ಣದಿದ್ದಾಗ ಅದರಷ್ಟು ಸರಳವಾದ, ಕಣ್ಣಿಗೆ ಕಾಣುವ ವ್ಯವಸ್ಥೆ ಇನ್ನೊಂದಿಲ್ಲ. ನೀರು ತಿಳಿಯಾಗಿರುತ್ತದೆ, ಸತ್ತ ಮರಿ ಕಾಣುತ್ತದೆ, ತಿನ್ನದೆ ಉಳಿದ ಆಹಾರವೂ ಕಾಣುತ್ತದೆ. ಹೊಸಬನಿಗೆ ಮೀನು ಹೇಗೆ ತಿನ್ನುತ್ತದೆ ಎಂದು ಕಲಿಸುವ ಶಾಲೆ ಅದು. ಹೊರಬಿಟ್ಟ ನೀರು ಬೆಳೆಗೆ ಹೋಗುವುದರಿಂದ ವ್ಯರ್ಥವಲ್ಲ. ಎರಡು ಎಚ್ಚರಿಕೆ ಮಾತ್ರ ಬೇಕು. ಬೋರ್‌ವೆಲ್ ನೀರು ಭೂಮಿಯಿಂದ ಬರುವಾಗ ಅದರಲ್ಲಿ ಆಮ್ಲಜನಕ ಬಹಳ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದನ್ನು ನೇರವಾಗಿ ಮರಿಯ ಮೇಲೆ ಸುರಿಯಬಾರದು. ಸಿಂಟೆಕ್ಸಿನಲ್ಲೋ ಹಳೆಯ ತೊಟ್ಟಿಯಲ್ಲೋ ಒಂದು ದಿನ ಗಾಳಿಯಾಡಿಸಿ ಬಿಡಿ. ಇನ್ನೊಂದು, ಹೊಸ ಸಿಮೆಂಟ್ ತೊಟ್ಟಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹದಿನೈದು ದಿನದ ಹಿಂದೆ ಗಿಲಾವು ಮಾಡಿದ್ದ ತೊಟ್ಟಿಗೆ ಮರಿ ಬಿಟ್ಟೆ. ಸಂಜೆ ಬಿಟ್ಟದ್ದು, ಬೆಳಗಾಗುವುದರೊಳಗೆ ಬಿಳಿಚಿಕೊಂಡು ತೇಲುತ್ತಿದ್ದವು. ಸುಣ್ಣ ಬಿಟ್ಟ ನೀರಿನ ಪಿಎಚ್ 10ರ ಹತ್ತಿರ ಇತ್ತು. ಹೊಸ ಸಿಮೆಂಟನ್ನು ಎರಡು ಮೂರು ವಾರ ನೀರು ತುಂಬಿಸಿ ಚೆಲ್ಲುತ್ತ, ಬಾಳೆ ದಿಂಡು ಹಾಕಿ ಕೊಳೆಸಿ, ಪಿಎಚ್ ಇಳಿದದ್ದನ್ನು ನೋಡಿದ ಮೇಲೆಯೇ ಬಳಸಬೇಕು. ನಿಮಗೆ ಈ ಸಲ ತಾಡಪತ್ರಿಯೇ ಸಾಕು.

ಆರ್‌ಎಎಸ್ ವಿಷಯ ಚುಟುಕಾಗಿ ಮುಗಿಸುತ್ತೇನೆ. ಅದೇ ನೀರನ್ನು ಸೋಸಿ, ಬ್ಯಾಕ್ಟೀರಿಯಾ ಕೂತ ಫಿಲ್ಟರಿನಲ್ಲಿ ಹಾಯಿಸಿ, ಗಾಳಿ ಕೊಟ್ಟು ಮತ್ತೆ ತೊಟ್ಟಿಗೆ ತರುವ ವ್ಯವಸ್ಥೆ ಅದು. ದಿನಕ್ಕೆ ನೂರಕ್ಕೆ ಐದು ಹತ್ತು ಪಾಲು ಹೊಸ ನೀರು ಸಾಕು. ಹಾಗಾಗಿ ನೀರಿನ ಬಿಸಿ ಹಿಡಿದಿಡಬಹುದು, ಚಳಿಗಾಲದಲ್ಲೂ ಮರಿ ಬೆಳೆಸಬಹುದು. ವರ್ಷವಿಡೀ ಮರಿ ಮಾರುವ ಹ್ಯಾಚರಿಗೆ ಅದು ಸರಿ. ಆದರೆ ಅದರ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಮರಿ ಸಾಕುವ ಅವಧಿಯೇ ಎಂಟು ವಾರ! ಫಿಲ್ಟರ್ ಹದಕ್ಕೆ ಬರುವ ಹೊತ್ತಿಗೆ ಮರಿ ಮಾರಾಟಕ್ಕೆ ಬಂದಿರುತ್ತದೆ. ಆಮೇಲೆ ಮುಂದಿನ ಮಳೆಗಾಲದವರೆಗೆ ಯಂತ್ರ ಸುಮ್ಮನೆ ಕೂರಬೇಕು, ಇಲ್ಲವೇ ಮೀನಿಲ್ಲದ ಫಿಲ್ಟರಿಗೆ ಅಮೋನಿಯಾ ಉಣಿಸುತ್ತ ಕರೆಂಟ್ ಬಿಲ್ಲು ಕಟ್ಟಬೇಕು.

ಬಯೋಫ್ಲಾಕ್ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು, ಏಕೆಂದರೆ ಅದರ ಬಗ್ಗೆ ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಅಮೋನಿಯಾವನ್ನು ಹೊರಗೆ ಚೆಲ್ಲುವ ಬದಲು ತೊಟ್ಟಿಯಲ್ಲೇ ಬ್ಯಾಕ್ಟೀರಿಯಾಕ್ಕೆ ಉಣಿಸುವುದು ಇದರ ಗುಟ್ಟು. ಬ್ಯಾಕ್ಟೀರಿಯಾಕ್ಕೆ ಅಮೋನಿಯಾದ ಜೊತೆ ಇಂಗಾಲವೂ ಬೇಕು, ಅದಕ್ಕೆ ಬೆಲ್ಲ ಅಥವಾ ಕಾಕಂಬಿ ಹಾಕುತ್ತೇವೆ. ಒಂದು ಗ್ರಾಂ ಅಮೋನಿಯಾಕ್ಕೆ ಆರು ಗ್ರಾಂ ಇಂಗಾಲ, ಅಂದರೆ ಸುಮಾರು 15 ಗ್ರಾಂ ಬೆಲ್ಲ. ನಿಮ್ಮ ಒಂದು ತೊಟ್ಟಿಯಲ್ಲಿ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ತೋರಿಸಿದರೆ, 15,000 ಲೀಟರಿನಲ್ಲಿ ಇರುವುದು 15 ಗ್ರಾಂ, ಕರಗಿಸಿ ಹಾಕಬೇಕಾದ ಬೆಲ್ಲ 225 ಗ್ರಾಂ. ಬ್ಯಾಕ್ಟೀರಿಯಾ ಗುಂಪುಗೂಡಿ ಕಂದು ಬಣ್ಣದ ಸಣ್ಣ ಅರಳುಗಳಂತೆ ನೀರಿನಲ್ಲಿ ತೇಲುತ್ತವೆ. ಟಿಲಾಪಿಯಾ ಅದನ್ನೂ ತಿನ್ನುತ್ತದೆ. ಎಲ್ಲ ಮೀನೂ ಹೀಗೆ ತಿನ್ನುವುದಿಲ್ಲ, ಈ ತೊಟ್ಟಿಗೆ ಟಿಲಾಪಿಯಾ, ಅಂದರೆ ಜಿಲೇಬಿ ಮೀನು, ಹೊಂದುವುದೇ ಅದಕ್ಕಾಗಿ.

ಇನ್ನು ಹೇಳದೆ ಬಿಡುವ ಅರ್ಧ. ತೊಟ್ಟಿಯಲ್ಲಿ ಉಸಿರಾಡುವುದು ಮೀನು ಮಾತ್ರವಲ್ಲ, ಕೋಟ್ಯಂತರ ಬ್ಯಾಕ್ಟೀರಿಯಾವೂ ಉಸಿರಾಡುತ್ತದೆ. ತಿಳಿನೀರಿನ ತೊಟ್ಟಿಯಲ್ಲಿ ಗಾಳಿ ನಿಂತರೆ ಮೀನಿಗೆ ಒಂದಷ್ಟು ತಾಸು ಸಮಯವಿದೆ. ತುಂಬಿದ ಫ್ಲಾಕ್ ತೊಟ್ಟಿಯಲ್ಲಿ ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು. ರಾಣೆಬೆನ್ನೂರು ಕಡೆ ಒಬ್ಬ ರೈತರ ಶೆಡ್ಡಿನಲ್ಲಿ ಒಂದು ರಾತ್ರಿ ಉಳಿದಿದ್ದೆ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಯಂತ್ರದ ಪಕ್ಕದಲ್ಲೇ ಅವರ ಹೊರಸು. ಆ ಗದ್ದಲದಲ್ಲಿ ನನಗೆ ಕಣ್ಣು ಮುಚ್ಚಲಾಗಲಿಲ್ಲ, ಅವರು ಗೊರಕೆ ಹೊಡೆಯುತ್ತಿದ್ದರು. ನಸುಕಿನ ನಾಲ್ಕರ ಸುಮಾರಿಗೆ ಕರೆಂಟ್ ಹೋಯಿತು, ಸದ್ದು ನಿಂತಿತು. ನನಗೆ ಆಗತಾನೇ ಜೋಂಪು ಹತ್ತುವುದರಲ್ಲಿತ್ತು, ಅವರು ಎದ್ದು ನಿಂತಿದ್ದರು! ಜನರೇಟರ್ ಹಗ್ಗ ಮೂರು ಸಲ ಎಳೆದರೂ ಹತ್ತಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ನೀರಿನ ಮೇಲೆಲ್ಲ ಸಣ್ಣ ಸಣ್ಣ ಬಾಯಿಗಳು, ಮಳೆ ಹನಿ ಬಿದ್ದಂತೆ ಪಟಪಟ ಸದ್ದು. ನಾಲ್ಕನೇ ಎಳೆತಕ್ಕೆ ಜನರೇಟರ್ ಹತ್ತಿತು. "ನಾನು ಸದ್ದಿಗೆ ಏಳುವುದಿಲ್ಲ ಸರ್, ಸದ್ದು ನಿಂತರೆ ಏಳುತ್ತೇನೆ" ಎಂದರು. ಅವರ ಮನೆಯವರು ಆ ವರ್ಷ ಒಂದು ಮದುವೆಗೂ ಜೊತೆಯಾಗಿ ಹೋಗಿರಲಿಲ್ಲವಂತೆ. ಯಾವ ಯೋಜನಾ ವರದಿಯ ಖರ್ಚಿನ ಪಟ್ಟಿಯಲ್ಲೂ ಇದು ಬರುವುದಿಲ್ಲ.

ಆದ್ದರಿಂದ ತೊಟ್ಟಿ ಯಾವುದು ಎನ್ನುವುದಕ್ಕಿಂತ ಮೊದಲು ತೊಟ್ಟಿ ಎಲ್ಲಿ ಎಂದು ತೀರ್ಮಾನಿಸಿ. ಹೊಲದ ಪಂಪ್‌ಸೆಟ್ ಲೈನಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಕೊಡುವುದು ನಮ್ಮ ರಾಜ್ಯದ ಪದ್ಧತಿ. ಅದನ್ನು ನಂಬಿ ಬ್ಲೋವರ್ ಹಾಕಲಾಗುವುದಿಲ್ಲ. ಊರಿನ ಮನೆಗಳ ಲೈನು ಬೇರೆ, ಅದರಲ್ಲಿ ದಿನದ ಹೆಚ್ಚು ಹೊತ್ತು ಕರೆಂಟ್ ಇರುತ್ತದೆ. ಹೊಲಕ್ಕೆ ಕರೆಂಟ್ ತರುವುದಕ್ಕಿಂತ ಮನೆಗೆ ನೀರು ತರುವುದು ಸುಲಭ: 300 ಮೀಟರ್ ಪೈಪು ಎಳೆದು ಹಿತ್ತಲಿನಲ್ಲಿ ತೊಟ್ಟಿ ಇಡಿ. ಮೂರು ತೊಟ್ಟಿಗೆ ಒಂದು ದೊಡ್ಡ ಬ್ಲೋವರ್ ಬೇಡ, ಎರಡು ಸಣ್ಣ ಏರ್ ಪಂಪ್ ಇರಲಿ, ಒಂದು ಕೆಟ್ಟರೆ ಇನ್ನೊಂದು ಓಡುತ್ತದೆ. ಎರಡೂ ಸೇರಿ 150 ವ್ಯಾಟ್ ಎಳೆದರೆ, 150 ಆಂಪಿಯರ್ ಅವರ್ ಬ್ಯಾಟರಿಯ ಮನೆ ಇನ್ವರ್ಟರ್ ಹೊಸದಿದ್ದಾಗ ಎಂಟು ತಾಸಿನ ಹತ್ತಿರ ಬರಬಹುದು. ಹಳೆಯದಾದಂತೆ ಐದಕ್ಕೂ ಇಳಿಯುತ್ತದೆ. ಟಿವಿ, ಫ್ಯಾನು ಆ ಇನ್ವರ್ಟರಿಗೆ ಸೇರಿಸಬೇಡಿ. ಕ್ರಿಕೆಟ್ ನೋಡುವ ಮಕ್ಕಳಿಗೂ ಮೀನಿಗೂ ಒಂದೇ ಬ್ಯಾಟರಿ ಆದರೆ ಮೀನೇ ಸೋಲುವುದು.

ಇನ್ನು ನಿಮಗೆ ನಾನು ಹಾಕಿಕೊಡುವ ದಾರಿ. ಅದನ್ನು ಮಳೆ ನಕ್ಷತ್ರದ ಲೆಕ್ಕದಲ್ಲೇ ಹೇಳುತ್ತೇನೆ, ನಿಮ್ಮ ಹೊಂಡ ತುಂಬುವುದೂ ಅದೇ ಲೆಕ್ಕದಲ್ಲಿ.

ರೋಹಿಣಿ ಮಳೆ ಶುರುವಾಗುವ ಮೇ ಕೊನೆಯ ವಾರದಲ್ಲಿ ಮೂರನೇ ತೊಟ್ಟಿಗೆ ಮಾತ್ರ ನೀರು ತುಂಬಿಸಿ. ಮೀನು ಬೇಡ. ದಿನಾ ಒಂದು ಹಿಡಿ ಮೀನಿನ ಆಹಾರದ ಪುಡಿ, ಅದಕ್ಕೆ ತಕ್ಕ ಬೆಲ್ಲದ ನೀರು ಹಾಕಿ ಗಾಳಿ ಬಿಡುತ್ತಿರಿ. ಇದು ಹೆಪ್ಪಿನ ತೊಟ್ಟಿ. ಎರಡು ಮೂರು ವಾರದಲ್ಲಿ ಮೊದಲು ಬಿಳಿ ನೊರೆ, ಆಮೇಲೆ ಚಹಾದ ಬಣ್ಣ, ಆಮೇಲೆ ಅರಳು ಕಾಣುತ್ತದೆ. ಮಿರಗದ ಮಳೆಗೆ, ಜೂನ್ ಎರಡನೇ ವಾರದಲ್ಲಿ, ಮರಿ ತನ್ನಿ. ಮೊದಲೆರಡು ತೊಟ್ಟಿಗೆ ಐದೈದು ಸಾವಿರ ಬಿಡಿ. ದಿನಕ್ಕೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ, ನಿಮ್ಮ ಬೋರ್‌ವೆಲ್ಲಿಗೆ ಅದು ಮೂರು ನಾಲ್ಕು ತಾಸಿನ ಕೆಲಸ. ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿಲ್ಲದ ಪ್ರೋಟೀನಿನ ನುಣುಪು ಆಹಾರವನ್ನು ದಿನಕ್ಕೆ ಐದಾರು ಸಲ ಕೊಡಿ. ವಾರಕ್ಕೊಮ್ಮೆ ಐವತ್ತು ಮರಿ ಹಿಡಿದು ನೀರಿನ ಮಗ್ಗಿನಲ್ಲಿ ತೂಗಿ, ಆಹಾರದ ಪ್ರಮಾಣವನ್ನು ಆ ತೂಕದಿಂದಲೇ ಲೆಕ್ಕ ಹಾಕಿ. ಕಣ್ಣಂದಾಜಿಗೆ ಹಾಕುವವರು ಯಾವಾಗಲೂ ಹೆಚ್ಚೇ ಹಾಕುತ್ತಾರೆ.

ಹತ್ತು ಹನ್ನೆರಡನೇ ದಿನ, ಅಥವಾ ಅದಕ್ಕೂ ಮೊದಲೇ ಅಮೋನಿಯಾ 1 ಮಿಲಿಗ್ರಾಂ ದಾಟಿ ನಿಂತರೆ, ಹೆಪ್ಪಿನ ತೊಟ್ಟಿಯ ನೀರನ್ನು ಮೂರೂ ತೊಟ್ಟಿಗೆ ಸಮನಾಗಿ ಹಂಚಿ, ಮರಿಯನ್ನೂ ಮೂರಕ್ಕೆ ಹಂಚಿ. ಅಲ್ಲಿಂದ ನೀರು ಬದಲಿಸುವುದನ್ನು ಇಳಿಸಿ, ಅಮೋನಿಯಾ ನೋಡಿ ಬೆಲ್ಲ ಹಾಕುವುದನ್ನು ಶುರುಮಾಡಿ. ಇಮ್‌ಹಾಫ್ ಕೋನ್ ಎಂಬ ಚೂಪು ತಳದ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಅದರಲ್ಲಿ ಒಂದು ಲೀಟರ್ ನೀರು ಹಿಡಿದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ 5ರಿಂದ 15 ಮಿಲಿಲೀಟರ್ ಗಸಿ ಕೂತರೆ ಮರಿಗಳಿಗೆ ಹದ. 20 ದಾಟಿದರೆ ತಳದಿಂದ ಒಂದಷ್ಟು ನೀರು ತೆಗೆಯಿರಿ. ಕೆಲವರು ಗಸಿ ಹೆಚ್ಚಿದಷ್ಟೂ ಹೆಮ್ಮೆಪಡುತ್ತಾರೆ. ಸಣ್ಣ ಮರಿಯ ಕಿವಿರಿಗೆ ಅದು ದೂಳಿನಲ್ಲಿ ಉಸಿರಾಡಿದ ಹಾಗೆ.

ಈ ಹಂತದಲ್ಲಿ ನಿಮ್ಮನ್ನು ಕಾಡುವುದು ಅಮೋನಿಯಾಕ್ಕಿಂತ ನೈಟ್ರೈಟ್, ಅಂದರೆ ಬ್ಯಾಕ್ಟೀರಿಯಾ ಅಮೋನಿಯಾವನ್ನು ಬದಲಿಸುವಾಗ ಹುಟ್ಟುವ ಇನ್ನೊಂದು ವಿಷ. ಮೂರು ನಾಲ್ಕನೇ ವಾರಕ್ಕೆ ಅದು ಏರುತ್ತದೆ. ಮರಿ ಮಂಕಾಗಿ, ಕಿವಿರು ಕೆಂಪಿನ ಬದಲು ಕಾಚಿನ ಬಣ್ಣಕ್ಕೆ ತಿರುಗಿದರೆ ಅದೇ. ಆಮ್ಲಜನಕ ಎಷ್ಟಿದ್ದರೂ ರಕ್ತ ಅದನ್ನು ಹೊರಲಾರದು. ಮದ್ದು ಅಡುಗೆ ಮನೆಯಲ್ಲೇ ಇದೆ: ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗಲು ಬಿಡುವುದಿಲ್ಲ. ಒಂದು ತೊಟ್ಟಿಗೆ 2.5 ಕಿಲೋ ಅಡುಗೆ ಉಪ್ಪು ಹಾಕಿದರೆ ಲೀಟರಿಗೆ ಸುಮಾರು 100 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ, ಲೀಟರಿಗೆ 10 ಮಿಲಿಗ್ರಾಂವರೆಗಿನ ನೈಟ್ರೈಟಿಗೆ ಅಷ್ಟು ತಡೆ ಸಾಕು. ತೊಟ್ಟಿಗೆ ಹದಿನೈದು ಕಿಲೋ ಉಪ್ಪು ಸುರಿಯಿರಿ ಎನ್ನುವವರೂ ಸಿಗುತ್ತಾರೆ. ಟಿಲಾಪಿಯಾ ಅದನ್ನು ತಡೆಯುತ್ತದೆ, ನಿಮ್ಮ ಮೆಣಸಿನ ಗಿಡ ತಡೆಯುವುದಿಲ್ಲ. ತೊಟ್ಟಿಯ ನೀರು ಕೊನೆಗೆ ಹೋಗುವುದು ಎಲ್ಲಿಗೆ ಎಂದು ಯೋಚಿಸಿಯೇ ಉಪ್ಪಿನ ಚೀಲ ಬಿಚ್ಚಬೇಕು.

ಪುಷ್ಯ ಮಳೆ ಹೊತ್ತಿಗೆ, ಜುಲೈ ಮೂರು ನಾಲ್ಕನೇ ವಾರಕ್ಕೆ, ಮರಿ 10–12 ಗ್ರಾಂ ಆಗಿರುತ್ತದೆ. ಇಲ್ಲಿಗೆ ತೊಟ್ಟಿಯ ಕೆಲಸ ಮುಗಿಯಿತು ಎಂದೇ ನನ್ನ ಸಲಹೆ. ಉಳಿದ ಎರಡು ಮೂರು ವಾರವನ್ನು ನಿಮ್ಮ ಹೊಂಡದಲ್ಲೇ ಹಾಪಾ ಕಟ್ಟಿ ಮುಗಿಸಿ. ಹಾಪಾ ಎಂದರೆ ನಾಲ್ಕು ಗೂಟಕ್ಕೆ ಕಟ್ಟಿದ, ಸೊಳ್ಳೆ ಪರದೆಯನ್ನು ತಲೆಕೆಳಗಾಗಿ ನೀರಿಗೆ ಇಳಿಬಿಟ್ಟಂತಹ ಬಲೆ. ನಿಮ್ಮ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿರುವುದರಿಂದ ಒಳಗೆ ಗೂಟ ಹೊಡೆಯಬೇಡಿ, ದಡದಿಂದ ದಡಕ್ಕೆ ಹಗ್ಗ ಎಳೆದು ಕಟ್ಟಿ. ಹೊಂಡ ತುಂಬಿದರೆ ಅದರಲ್ಲಿ ಸುಮಾರು ಒಂಬತ್ತು ಲಕ್ಷ ಲೀಟರ್ ನೀರು. ತೊಟ್ಟಿಯಲ್ಲಿ ಲೀಟರಿಗೆ 5.7 ಮಿಲಿಗ್ರಾಂ ಎಂದು ಹೆದರಿಸಿದ ಅದೇ 255 ಗ್ರಾಂ ಅಮೋನಿಯಾ ಅಲ್ಲಿ ಲೀಟರಿಗೆ 0.3 ಮಿಲಿಗ್ರಾಂ ಮಾತ್ರ, ಅದನ್ನೂ ಪಾಚಿ ತಿಂದುಬಿಡುತ್ತದೆ. ಬ್ಲೋವರ್ ಇಲ್ಲ, ಬೆಲ್ಲ ಇಲ್ಲ, ರಾತ್ರಿ ನಿದ್ದೆ ಇದೆ. ಬಲೆಯ ಕಣ್ಣು ಪಾಚಿಯಿಂದ ಮುಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಉಜ್ಜಿ. ಕೊಕ್ಕರೆ, ಮಿಂಚುಳ್ಳಿಗೆ ಮೇಲೊಂದು ಬಲೆ ಇರಲಿ. ಪ್ಲಾಸ್ಟಿಕ್ ಹೊಂಡದ ದಡ ಜಾರುತ್ತದೆ, ಒಳಗೆ ಬಿದ್ದವರಿಗೆ ಹಿಡಿಯಲು ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಸುತ್ತ ಬೇಲಿ ಹಾಕಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ.

ಮಳೆ ತಡವಾಗಿ ಹೊಂಡ ತುಂಬದಿದ್ದರೆ? 10 ಗ್ರಾಮಿನ ಮರಿಯನ್ನೇ ಅರ್ಧದಷ್ಟು ಮಾರಿಬಿಡಿ, ಉಳಿದ ಅರ್ಧ ತೊಟ್ಟಿಯಲ್ಲಿ ಹಾಯಾಗಿ 20 ಮುಟ್ಟುತ್ತದೆ. ಹೇಗಿದ್ದರೂ ನಿಮ್ಮ ಹೊಂಡಕ್ಕೆ ಬೇಕಾದದ್ದು ಸಾವಿರದೈನೂರು, ಎರಡು ಸಾವಿರ ಮರಿ. ಮಿಕ್ಕವಕ್ಕೆ ಕೊಳ್ಳುವವರು ಯಾರು ಎಂದು ಮರಿ ತರುವ ಮೊದಲೇ ಗೊತ್ತಿರಬೇಕು. ದಸರೆ ದಾಟಿದ ಮೇಲೆ ಹೊಸ ಮರಿ ತರಬೇಡಿ. ಟಿಲಾಪಿಯಾಕ್ಕೆ ಹಿತವಾದದ್ದು 26ರಿಂದ 30 ಡಿಗ್ರಿ. ಡಿಸೆಂಬರಿನ ನಮ್ಮ ರಾತ್ರಿಗಳಲ್ಲಿ ಹಿತ್ತಲಿನ ತೊಟ್ಟಿಯ ನೀರು ಹೊಂಡದ ನೀರಿಗಿಂತ ಬೇಗ ತಣ್ಣಗಾಗುತ್ತದೆ, ಮರಿ ತಿನ್ನುವುದನ್ನೇ ಬಿಡುತ್ತದೆ.

ಸಹಾಯಧನದ ಮಾತು ನೀವು ಕೇಳಲಿಲ್ಲ, ಆದರೆ ಯಾರಾದರೂ ಕಿವಿಯಲ್ಲಿ ಊದಿಯೇ ಇರುತ್ತಾರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಏಳು ತೊಟ್ಟಿಯ ಬಯೋಫ್ಲಾಕ್ ಘಟಕಕ್ಕೆ 7.5 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟಿದ್ದರು. ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಪರಿಶಿಷ್ಟರಿಗೂ ಮಹಿಳೆಯರಿಗೂ 60 ಸಹಾಯಧನ. ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಆದರೆ ಸಹಾಯಧನ ಏಳಕ್ಕಿದೆ ಎಂದು ಮೂರರ ಅನುಭವವೂ ಇಲ್ಲದವರು ಏಳು ಹಾಕಬಾರದು.

ಅದೇ ಕಚೇರಿಗೆ ಇನ್ನೊಂದು ಕಾರಣಕ್ಕೂ ಹೋಗಲೇಬೇಕು. ಟಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಬೇಕು. 1952ರಲ್ಲಿ ನಮ್ಮ ದೇಶಕ್ಕೆ ಬಂದ ಮೊಜಾಂಬಿಕ್ ಟಿಲಾಪಿಯಾ ಕೆರೆಗಳಿಗೆಲ್ಲ ಹರಡಿ, ಅಂಗೈಯಗಲವೂ ಬೆಳೆಯದೆ ಮರಿ ಹಾಕುತ್ತಲೇ ಇರುವುದನ್ನು ನೀವೇ ನೋಡಿರುತ್ತೀರಿ. ಈಗ ಸಾಕುವುದು ಬೇಗ ಬೆಳೆಯುವಂತೆ ಸುಧಾರಿಸಿದ ಗಿಫ್ಟ್ ಎಂಬ ಟಿಲಾಪಿಯಾ ತಳಿ, ಅದೂ ಬರೀ ಗಂಡು ಮರಿ, ಅನುಮತಿ ಪಡೆದ ಹ್ಯಾಚರಿಯಿಂದಲೇ ತರಬೇಕು. ತೊಟ್ಟಿಯ ನೀರು ಹೊರಹೋಗುವ ಕಡೆ ಸಣ್ಣ ಕಣ್ಣಿನ ಜಾಳಿಗೆ ಹಾಕಿ. ನಿಮ್ಮ ಹಳ್ಳದ ನೀರು ಕೊನೆಗೆ ಸೇರುವುದು ವರದೆಗೋ ತುಂಗಭದ್ರೆಗೋ. ಟಿಲಾಪಿಯಾ ಲೇಕ್ ವೈರಸ್ ಭಾರತದಲ್ಲೂ ಕಂಡುಬಂದಿರುವುದರಿಂದ ರೋಗ ಪರೀಕ್ಷೆಯ ಪತ್ರ ಕೇಳಿ ಪಡೆಯಿರಿ, ಬಲೆ ಬಕೆಟ್ಟುಗಳನ್ನು ಬೇರೆಯವರಿಂದ ಎರವಲು ತರಬೇಡಿ. ನಿಮಗೆ ಹತ್ತಿರದ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಮ್ಮೆ ಹೋಗಿ ಮಾತನಾಡಿ ಬನ್ನಿ.

ಮರಿಗೆ ಮುಂಗಡ ಕೊಡುವ ಮುನ್ನ ಒಂದು ಕೆಲಸ ಮಾಡಿ. ಹೆಪ್ಪಿನ ತೊಟ್ಟಿಗೆ ನೀರು ತುಂಬಿಸಿ ಎರಡೂ ಪಂಪ್ ಓಡಿಸಿ, ರಾತ್ರಿ ಹತ್ತಕ್ಕೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ಎಷ್ಟಕ್ಕೆ ಕೈಕೊಡುತ್ತದೆ, ಆಗ ಮನೆಯಲ್ಲಿ ಯಾರಿಗೆ ಎಚ್ಚರವಾಗುತ್ತದೆ, ಎರಡನ್ನೂ ಬರೆದಿಡಿ. ಬೆಳಗಿನವರೆಗೆ ಗುಳ್ಳೆ ಬರುತ್ತಿದ್ದರೆ 10,000 ಮರಿ ತನ್ನಿ. ಮೂರು ತಾಸಿಗೇ ನಿಂತು, ನೀವು ಎದ್ದದ್ದು ಬೆಳಗಿನ ಆರಕ್ಕೆ ಎಂದಾದರೆ ಈ ವರ್ಷ 4,000 ಮರಿ ಸಾಕು, ತಂದೆಯವರು ಹೇಳಿದಂತೆ ನೀರು ಬದಲಿಸಿಕೊಂಡೇ ಬೆಳೆಸಿ ಬೇಗ ಹೊಂಡದ ಹಾಪಾಕ್ಕೆ ಹಾಕಿ.